ಫಕ್ಕಿ ಗೆರೆಯ ಕಾಡಪ್ಪ

ಗೆರೆ ಎಳೆಯುವುದರೊಳಗೆ ಏನು ದೊಡ್ಡಸ್ತಿಕೆ ಅಂತ ಕೇಳುವವರು ಕಾಡಪ್ಪನನ್ನು ನೋಡಿಲ್ಲ, ಅಷ್ಟೇ. ಪುಣೆಯ ಗುಡ್ಡದ ಬುಡಕ್ಕಿದ್ದ ಕಾಲೇಜಿನ ಮೈದಾನದಲ್ಲಿ ಇಪ್ಪತ್ತೆರಡು ವರ್ಷ ಮಾಳಿಯಾಗಿದ್ದವ ಅವನು. ಮ್ಯಾಚ್ ಇದ್ದ ದಿನ ಕೋಳಿ ಕೂಗುವುದರೊಳಗೆ ಗೂಟ, ಸುತಳಿ, ಸುಣ್ಣದ ಪುಡಿಯ ಬಕೆಟ್ಟು ಹಿಡಿದು ಇಳಿಯುತ್ತಿದ್ದ. ಆ ಪುಡಿಗೆ ಅಲ್ಲಿಯವರು ಫಕ್ಕಿ ಅನ್ನುತ್ತಾರೆ. ಬೇರೆ ಮಾಳಿಗಳು ಡಬ್ಬಿಗೆ ತೂತು ಕೊರೆದು ಫಕ್ಕಿ ಉದುರಿಸುತ್ತ ನಡೆದುಬಿಡುತ್ತಿದ್ದರು. ಅವರ ಗೆರೆ ಎತ್ತು ಉಚ್ಚೆ ಹೊಯ್ದ ಹಾಗೆ ಸೊಟ್ಟಂಬಟ್ಟ. ಕಾಡಪ್ಪ ಮಾತ್ರ ಸುತಳಿ ಬಿಗಿದು, ಕುಕ್ಕರಗಾಲಲ್ಲಿ ಕೂತು, ಚಿಟಿಕೆ ಚಿಟಿಕೆ ಬಿಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದ. ಕೆಲಸ ಮುಗಿದ ಮೇಲೆ ಒಂದು ಕಣ್ಣು ಮುಚ್ಚಿ ನೋಡಿ, ತನಗೆ ತಾನೇ "ಹೂಂ" ಅನ್ನುತ್ತಿದ್ದ. ಕಾಡಪ್ಪನ ಗೆರೆ ಇದ್ದಲ್ಲಿ ಜಗಳ ಇಲ್ಲ ಅಂತ ರೆಫರಿಗಳು ಹೇಳುತ್ತಿದ್ದರಂತೆ. ಹೌದು, ಬೇರೆಯವರಿಗೆ ಜಗಳ ಇರಲಿಲ್ಲ.

ಊರು ಬೈಲಹೊಂಗಲದ ಕಡೆ. ಹದಿನಾರನೇ ವಯಸ್ಸಿಗೆ ಸೋದರಮಾವನ ಬೆನ್ನು ಹತ್ತಿ ಪುಣೆಗೆ ಬಂದವ. ಮಾವ ಭವಾನಿ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತ. ಹುಡುಗನನ್ನೂ ಅಲ್ಲಿಗೇ ಹಚ್ಚಿದ. ಮೊದಲ ದಿನವೇ ಹುಡುಗ ಬಾಜಾರದ ನಟ್ಟನಡುವೆ ನಿಂತು ಕನ್ನಡದಲ್ಲಿ ಮಾತಾಡಿದ. ಹಮಾಲರೆಲ್ಲ ಸುತ್ತುಗಟ್ಟಿ ಅವನ ಮಾತನ್ನು ಅಣಕಿಸಿ "ಯಂಡುಗುಂಡು, ಯಂಡುಗುಂಡು" ಅಂತ ಹೊಟ್ಟೆ ಹಿಡಿದು ನಕ್ಕರು. ನಕ್ಕವರು ಮರೆತರು, ಇವನು ಮರೆಯಲಿಲ್ಲ. ಅವತ್ತೇ ಒಂದು ಕಾಯಿದೆ ಮಾಡಿಕೊಂಡ: ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ಮರಾಠಿ. ಆರು ವರ್ಷದ ಮೇಲೆ ಕಾಲೇಜಿನ ಮಾಳಿ ಕೆಲಸ ಸಿಕ್ಕಿತು, ಲಗ್ನವಾಗಿ ಸಾವಂತ್ರವ್ವ ಬಂದಳು, ಅವಳಿಗೂ ಅದೇ ಕಾಯಿದೆ. ಭಾಜಿ ಕೊಳ್ಳುವಾಗ ಆ ಬಡಪಾಯಿ ಮರೆತು "ಏನ್ರೀ" ಅಂದರೆ ಸಾಕು, ಕಣ್ಣು ಕೆಕ್ಕರಿಸಿ ನೋಡುತ್ತಿದ್ದ. ಮಗ ಮಧುಕರ ಹುಟ್ಟಿದಂದಿನಿಂದ ಅಪ್ಪನ ಬಾಯಲ್ಲಿ ಹೊಸ್ತಿಲಾಚೆ ಒಂದು ಕನ್ನಡ ಶಬ್ದ ಕೇಳಿದ್ದಿಲ್ಲ ಅಂದರೆ ತಿಳಿದುಕೊಳ್ಳಿರಿ.

ಆ ಮಧುಕರನ ಮಾತೇ ಈಗ ಹೇಳಬೇಕಾದದ್ದು. ಮೆಟ್ರಿಕ್ ಪಾಸಾದಾಗ ಕಾಡಪ್ಪನಿಗೆ ನೆಲಕ್ಕೆ ಕಾಲೇ ಹತ್ತಲಿಲ್ಲ. ಜಿಮಖಾನೆ ನೋಡಿಕೊಳ್ಳುವ ಪ್ರೊಫೆಸರ್ ಅಪ್ಪಾಸಾಹೇಬರು ತಾವಾಗಿಯೇ, "ನಿನ್ನ ಮಗನನ್ನು ನಮ್ಮಲ್ಲೇ ಸೇರಿಸು" ಅಂದಿದ್ದರು. ಹುಡುಗ ಒಪ್ಪಲಿಲ್ಲ. ನದಿಯಾಚೆಯ ಪೇಟೆ ಕಾಲೇಜೇ ಬೇಕು ಅಂತ ಹಟ ಹಿಡಿದ. ಯಾಕೆ ಅಂತ ಅವ್ವ ಕೇಳಿದಾಗ, "ಅಲ್ಲಿ ನಾ ಮಧುಕರ ಆಗಿರತೇನಿ. ಇಲ್ಲಿ ಮಾಳ್ಯಾನ ಮಗ ಆಗತೇನಿ," ಅಂದ. ಗೋಡೆಯಾಚೆ ಕೂತು ರೊಟ್ಟಿ ಮುರಿಯುತ್ತಿದ್ದ ಕಾಡಪ್ಪನಿಗೆ ಅದು ಕೇಳಿಸಿತು. ಆದರೂ ಏನೂ ಕೇಳಿಸದವನ ಹಾಗೆ ನೀರು ಕುಡಿದು ಎದ್ದು ಹೋದ.

ಹುಡುಗ ಪೇಟೆ ಕಾಲೇಜು ಸೇರಿ ಎರಡೇ ವರ್ಷದಲ್ಲಿ ಅಲ್ಲಿಯ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಆದ. ಆಗದೆ ಏನ್ರಿ? ಐದು ವರ್ಷದವನಿದ್ದಾಗಿನಿಂದ ಅಪ್ಪನ ಜೊತೆ ಗೋಲಿನ ಹಿಂದೆ ಕೂತು ಬೆಳೆದ ಕೂಸು. ಕಾಡಪ್ಪ ಗುಡ್ಡದ ಕಾಲೇಜಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ಪೇಟೆ ಕಾಲೇಜಿನ ಗೋಲ್‌ಕೀಪರ್ ನನ್ನ ಮಗ" ಅಂತ ಹೇಳಿಕೊಂಡು ತಿರುಗಿದ. ಆ ಕಡೆ ಮಗ ಮಾತ್ರ ಯಾರಿಗೂ ಏನೂ ಹೇಳಲಿಲ್ಲ. ಪೇಟೆ ಕಾಲೇಜಿನವರು ಈ ಮೈದಾನಕ್ಕೆ ಆಡಲು ಬಂದರೆ ಬಕೆಟ್ಟು ಹಿಡಿದು ನಿಂತ ಅಪ್ಪನ ಮಗ್ಗುಲಿಂದಲೇ, ಕಂಬದ ಮಗ್ಗುಲಿಂದ ಹೋದ ಹಾಗೆ ಹೋಗುತ್ತಿದ್ದ. ಕಾಡಪ್ಪನೂ ತಲೆ ತಗ್ಗಿಸಿ ಗೆರೆ ನೋಡುತ್ತಿದ್ದ. ಹುಡುಗನ ಮರ್ಯಾದೆ ತನ್ನಿಂದ ಯಾಕೆ ಕೆಡಬೇಕು ಅಂತ. ಆದರೆ ಅವನಿಗೆ ಬೇಕಾಗಿದ್ದದ್ದು ಒಂದೇ: ಮಗ ಒಂದು ಸಲ, ಒಂದೇ ಸಲ, ಮಂದಿಯ ಮುಂದೆ ತನ್ನನ್ನು ಅಪ್ಪ ಅನ್ನಬೇಕು.

ಮೂವತ್ತಾರನೇ ಇಸವಿಯ ಶ್ರಾವಣ. ಗುಡ್ಡದ ಕಾಲೇಜಿಗೂ ಪೇಟೆ ಕಾಲೇಜಿಗೂ ಕಪ್ಪಿನ ಫೈನಲ್. ಮಳೆಗೂ ಸ್ವಲ್ಪ ಬುದ್ಧಿ ಬೇಡವೇ? ನಾಲ್ಕು ದಿನ ಹಗಲೂ ರಾತ್ರಿ ಸುರಿದು, ಮುಠಾ ನದಿ ಲಕಡೀ ಪೂಲ ಅನ್ನುವ ಸೇತುವೆಯ ಕಮಾನಿನವರೆಗೆ ಏರಿ, ಮೈದಾನ ಎಂಬುದು ನಾಟಿ ಗದ್ದೆಯಾಗಿತ್ತು. ಕಾಡಪ್ಪ ಬೆಳಗಿನಿಂದ ಮೂರು ಸಲ ಫಕ್ಕಿ ಹಾಕಿದ, ಮೂರು ಸಲವೂ ಮಳೆ ತೊಳೆದುಕೊಂಡು ಹೋಯಿತು. ಮ್ಯಾಚ್ ಮುಂದೂಡಿರಿ ಅಂತ ಅಪ್ಪಾಸಾಹೇಬರು ಅಂದರೆ, ರೆಫರಿಯಾಗಿ ಬಂದಿದ್ದ ಖಡಕಿ ಪಲಟಣದ ಗೋರಾ ಸಾರ್ಜೆಂಟ್ ಮೀಸೆಯಿಂದ ನೀರು ಹಿಂಡಿಕೊಂಡು ನಕ್ಕ. ಅವನ ದೇಶದಲ್ಲಿ ಇದಕ್ಕೆ ಮಳೆ ಅಂತಾನೂ ಅನ್ನುವುದಿಲ್ಲವಂತೆ!

ಮಂದಿ ನೋಡಬೇಕಿತ್ತು. ಗುಡ್ಡದ ಕಾಲೇಜಿನವರಿಗೆ ಹನ್ನೊಂದು ವರ್ಷದಿಂದ ಕಪ್ಪು ದಕ್ಕಿರಲಿಲ್ಲ. ಕೊಡೆ ಹಿಡಿದವರು, ಗೋಣೀಚೀಲ ಹೊದ್ದವರು, ಏನೂ ಇಲ್ಲದೆ ಬರೀ ಟೋಪಿಯ ಮೇಲೆ ಮಳೆ ಹೊತ್ತವರು, ಎಲ್ಲ ಸೇರಿ ಸಾವಿರದ ಮೇಲೆ. ಅವರ ಮುಂದಾಳು ದಿಗಂಬರ, ಬಿ.ಎ. ಓದುವ ಹುಡುಗ, ಕಡ್ಡಿಯ ಹಾಗಿದ್ದರೂ ದನಿ ಮಾತ್ರ ನಗಾರಿ. ಹನ್ನೊಂದು ವರ್ಷದ ಹಿಂದೆ ಅವನ ಅಣ್ಣ ಇದೇ ಟೀಮಿನಲ್ಲಿ ಆಡಿದ್ದನಂತೆ. ಆ ಅಣ್ಣ ಈಗಿಲ್ಲ. ಹೀಗಾಗಿ ದಿಗಂಬರ ಕೂಗುತ್ತಿದ್ದದ್ದು ಬರೀ ಕೂಗಲ್ಲ, ಒಂದು ನಮೂನೆ ಮೊರೆ. ಅರ್ಧ ಆಟದೊಳಗೆ ಅವನ ಗಂಟಲು ಒಡೆದು, ಬಾಯಿ ತೆರೆದರೆ ಉಸಿರು ಮಾತ್ರ ಬರುವ ಹಾಗಾಗಿತ್ತು. ಆದರೂ ಬಿಡಲಿಲ್ಲ ಪುಣ್ಯಾತ್ಮ.

ಅದನ್ನು ಆಟ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಬಾಲ್ ಒದ್ದರೆ ಕೆಸರು ಹಾರುತ್ತಿತ್ತು, ಬಾಲ್ ಅಲ್ಲೇ ಇರುತ್ತಿತ್ತು. ಯಾರ ಅಂಗಿ ಯಾವ ಬಣ್ಣ ಅಂತ ಗುರುತೇ ಉಳಿಯಲಿಲ್ಲ. ಎರಡೂ ಕಡೆ ಸೊನ್ನೆ. ಇನ್ನು ಎರಡೇ ಮಿನಿಟು ಉಳಿದಿದ್ದಾಗ ಮಳೆ ಒಮ್ಮೆಲೇ ಕೊಡದಿಂದ ಸುರಿದ ಹಾಗೆ ಸುರಿಯಿತು, ಎದುರಿನ ಗುಡ್ಡವೇ ಕಾಣದಾಯಿತು. ಅದೇ ಗಳಿಗೆಯಲ್ಲಿ ಗುಡ್ಡದ ಕಾಲೇಜಿನ ಐದಾರು ಹುಡುಗರು ಬಾಲಿನ ಜೊತೆಗೇ ಜಾರುತ್ತ ಮಧುಕರನ ಗೋಲಿನ ಮೇಲೆ ಒಂದೇ ಗುಡ್ಡೆಯಾಗಿ ಬಿದ್ದರು. ಕಂಬವೊಂದು ಬುಡಸಮೇತ ಕಿತ್ತು ಅಡ್ಡಾಯಿತು. ಗೆರೆಯಂತೂ ಯಾವಾಗಲೋ ಕೊಚ್ಚಿಹೋಗಿತ್ತು. ಎಲ್ಲರೂ ಎದ್ದು ನೋಡಿದರೆ ಮಧುಕರ ಕೆಸರಿನಲ್ಲಿ ಮಗುಚಿಬಿದ್ದು ಬಾಲನ್ನು ಎದೆಗವಚಿಕೊಂಡಿದ್ದಾನೆ. ಅದು ಒಳಗೆ ಬಂದಿತ್ತೋ ಇಲ್ಲವೋ, ದೇವರೇ ಬಲ್ಲ.

ಸಾರ್ಜೆಂಟ್ ಇನ್ನೂ ಮೈದಾನದ ನಡುವೆ, ಒಂದು ಬೂಟು ಕೆಸರಲ್ಲಿ ಕಳೆದುಕೊಂಡು ಕುಂಟುತ್ತಿದ್ದ. ಹತ್ತಿರ ಬಂದು ನೋಡಿದರೆ ಕಂಬವಿಲ್ಲ, ಗೆರೆಯಿಲ್ಲ. ಗೋಲಿನ ಹಿಂದೆ ಬಕೆಟ್ಟು ಹಿಡಿದು ನಿಂತವ ಕಾಡಪ್ಪ ಒಬ್ಬನೇ. ಈ ಮಾಳಿಯ ಗೆರೆಯ ಸುದ್ದಿ ಅವನಿಗೂ ಗೊತ್ತಿತ್ತು. ಕೈ ಮಾಡಿ ಕೂಗಿದ: "ಮಾಳೀ! ಗೋಲ್? ಗೋಲ್ ಹೈ ಕ್ಯಾ?"

ಗೆರೆ ಎಲ್ಲಿತ್ತು ಅಂತ ಕಾಡಪ್ಪನಿಗೆ ಗೊತ್ತಿತ್ತು. ಕಣ್ಣು ಕಟ್ಟಿ ಬಿಟ್ಟರೂ ಬೆರಳಿಟ್ಟು ತೋರಿಸುತ್ತಿದ್ದ. ಆದರೆ ಅವನು ಆ ಕಡೆ ನೋಡಲೇ ಇಲ್ಲ, ಮಗನ ಮುಖ ನೋಡಿದ. ಮಧುಕರ ಕೆಸರಿನಿಂದ ತಲೆಯೆತ್ತಿ ಅವನನ್ನೇ ದಿಟ್ಟಿಸುತ್ತಿದ್ದ. ಎರಡು ವರ್ಷದಲ್ಲಿ ಈ ಮೈದಾನದೊಳಗೆ ಮಗ ತನ್ನ ಕಡೆ ನೋಡಿದ್ದು ಅದೇ ಮೊದಲು. ಇಪ್ಪತ್ತೆಂಟು ವರ್ಷದಿಂದ ಹೊಸ್ತಿಲಾಚೆ ಬಾರದಿದ್ದ ಭಾಷೆ ಆ ಕ್ಷಣ ತಾನಾಗಿ ಬಾಯಿಗೆ ಬಂತು. ಎರಡೂ ಕೈ ಬೀಸಿ, ಗಾಳಿಗೆದುರಾಗಿ ಚೀರಿದ: "ಅಲ್ಲಾ! ಅಲ್ಲಾ!"

ಅಯ್ಯೋ ಮಾರಾಯ! "ಇಲ್ಲ" ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? "ನಾಹೀ" ಅಂತ ದಿನಾ ನೂರು ಸಲ ಅನ್ನುತ್ತಿದ್ದವನಿಗೆ ಅವತ್ತು ಅದೂ ಹೊಳೆಯಲಿಲ್ಲ. ಮರಾಠಿ ಮಂದಿಯ ಕಿವಿಗೆ, ಆ ಮಳೆಯೊಳಗೆ, ಆ ಗದ್ದಲದೊಳಗೆ ಬಿದ್ದದ್ದು "ಆಲಾ! ಆಲಾ!" ಬಂತು, ಬಂತು, ಒಳಗೆ ಬಂತು! ದಿಗಂಬರನ ಒಡೆದ ಗಂಟಲಿಗೆ ಎಲ್ಲಿಂದ ಜೀವ ಬಂತೋ, "ಆಲಾ ರೇ ಆಲಾ!" ಅಂತ ಅವನು ಎತ್ತಿಕೊಂಡ, ಅವನ ಹಿಂದೆ ಸಾವಿರ ಬಾಯಿ ಎತ್ತಿಕೊಂಡವು. ಪುಣೆಯಲ್ಲಿ ಆರು ವರ್ಷ ಕಳೆದ ಸಾರ್ಜೆಂಟಿಗೆ ಅಷ್ಟು ಮರಾಠಿ ಬರುತ್ತಿತ್ತು. ಸೀಟಿ ಊದಿ ಗೋಲು ಕೊಟ್ಟುಬಿಟ್ಟ. ಮತ್ತೊಂದು ಸೀಟಿಗೆ ಆಟವೇ ಮುಗಿಯಿತು. ಒಂದು, ಸೊನ್ನೆ.

ಕಾಡಪ್ಪನಿಗೆ ಮೊದಲು ಏನಾಯಿತೆಂದೇ ತಿಳಿಯಲಿಲ್ಲ. ಮಂದಿ ಹಗ್ಗ ಹರಿದುಕೊಂಡು ನುಗ್ಗಿತು. ಟೋಪಿಗಳು ಹಾರಿದವು, ಕೊಡೆಗಳು ಹಾರಿದವು, ಯಾರೋ ತಂದಿದ್ದ ಗುಲಾಲು ಮಳೆಗೆ ಕರಗಿ ಎಲ್ಲರ ಮುಖದ ಮೇಲೆ ಕೆಂಪಗೆ ಇಳಿಯಿತು. ಗೋಲು ಹೊಡೆದ ಹುಡುಗನನ್ನು ಬಿಟ್ಟು ಅವರೆಲ್ಲ ಕಾಡಪ್ಪನ ಕಡೆಗೇ ಓಡಿ ಬಂದರು. ದಿಗಂಬರ ಅವನ ಕೊರಳಿಗೆ ಜೋತುಬಿದ್ದು ಹಸುಗೂಸಿನ ಹಾಗೆ ಅತ್ತ. "ನಿನ್ನ ಸ್ವಂತ ಮಗ, ಕಾಡಪ್ಪಾ! ನಿನ್ನ ಸ್ವಂತ ಮಗನ ವಿರುದ್ಧ ಖರೆ ಹೇಳಿದೆಯಲ್ಲೋ! ಹರಿಶ್ಚಂದ್ರ ನೀನು, ಧರ್ಮರಾಜ!" ಅಂತ ಮರಾಠಿಯಲ್ಲಿ ಬಡಬಡಿಸಿದ. ಆಗ ಕಾಡಪ್ಪನಿಗೆ ತನ್ನ ಬಾಯಿಂದ ಹೊರಟದ್ದೇನು, ಇವರ ಕಿವಿಗೆ ಹೊಕ್ಕದ್ದೇನು ಅನ್ನುವುದು ಗೊತ್ತಾಯಿತು.

"ನಾಹೀ! ನಾಹೀ!" ಅಂತ ಕೂಗಿದ. ಈಗ ಬಂತು ನೋಡ್ರಿ ಮರಾಠಿ! ಯಾರು ಕೇಳಬೇಕು? ನಾಲ್ವರು ಅವನ ಕಾಲು ಹಿಡಿದು ಹೆಗಲಿಗೇರಿಸಿಯೇ ಬಿಟ್ಟರು. ಮೇಲಿನಿಂದ ಅವನಿಗೆ ಮೈದಾನವೆಲ್ಲ ಕಾಣುತ್ತಿತ್ತು. ಆ ತುದಿಯಲ್ಲಿ ಮಧುಕರ ಒಬ್ಬನೇ ಎದ್ದು, ಅಂಗಿ ಕೊಡವಿ, ಹಿಂತಿರುಗಿ ಒಂದು ಸಲ ನೋಡಿದ. ಅಪ್ಪನ ಸುತ್ತ ಗುಲಾಲು, ಅಪ್ಪನ ಕೊರಳಲ್ಲಿ ಯಾರದೋ ಹಾರ. ಅವನ ಮುಖದಲ್ಲಿ ಇದ್ದದ್ದೇನು ಅಂತ ಆ ದೂರಕ್ಕೆ ತಿಳಿಯುವಂತಿರಲಿಲ್ಲ. ತಲೆ ತಗ್ಗಿಸಿಕೊಂಡು ಗೇಟಿನ ಕಡೆ ನಡೆದ.

"ಇಳಿಸ್ರಪ್ಪೋ, ನನ್ನ ಇಳಿಸ್ರಿ!" ಅಂತ ಕಾಡಪ್ಪ ಕನ್ನಡದಲ್ಲಿ ಅತ್ತ, ಮರಾಠಿಯಲ್ಲಿ ಬೇಡಿಕೊಂಡ, ಹೊತ್ತವರ ತಲೆಯ ಮೇಲೆ ಗುದ್ದಿದ. ಅವರು ಅದನ್ನೂ ಖುಷಿ ಅಂತ ತಿಳಿದರು. ಮಗ ಗೇಟಿನ ಕಡೆ ಹೋಗುತ್ತಿದ್ದರೆ ಇವರು ಅಪ್ಪನನ್ನು ಹೊತ್ತುಕೊಂಡು ಜಿಮಖಾನೆಯ ಕಡೆ, ತದ್ವಿರುದ್ಧ ದಿಕ್ಕಿಗೆ, ಪಾಲಕಿ ಕುಣಿಸಿದ ಹಾಗೆ ಕುಣಿಸುತ್ತ ಒಯ್ದರು. ಹನ್ನೊಂದು ವರ್ಷದ ಹಸಿವು ಅದು. ಹೊಟ್ಟೆ ತುಂಬುವವರೆಗೆ ಯಾರ ಮಾತೂ ಕೇಳುವುದಿಲ್ಲ. ಅವರ ಪ್ರೀತಿಯಿಂದ ತಪ್ಪಿಸಿಕೊಳ್ಳಲು ಅವನಿಗೆ ಮುಕ್ಕಾಲು ತಾಸು ಹಿಡಿಯಿತು.

ನೆಲಕ್ಕಿಳಿದವನೇ ದಿಗಂಬರನ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋಗಿ ಹೇಳಿದ: ನಾನು ಆಲಾ ಅನ್ನಲಿಲ್ಲ ತಮ್ಮಾ, ನಮ್ಮ ಕಾನಡಿಯಲ್ಲಿ ಅಲ್ಲ ಅಂದೆ, ಅಲ್ಲ ಅಂದರೆ ನವ್ಹೇ, ಗೋಲು ನವ್ಹೇ. ದಿಗಂಬರನ ನಗು ನಿಂತಿತು. ಆ ಹುಡುಗ ಅವನ ಬೆನ್ನು ಸವರಿ, ಭಾಳ ಮೆತ್ತಗೆ ಅಂದ: "ತಂದೆಯ ಕರುಳು ಕಾಡಪ್ಪಾ, ನನಗೆ ತಿಳಿಯುತ್ತೆ. ಈಗ ಸಂಕಟ ಆಗ್ತಾ ಇದೆ ನಿನಗೆ. ಇಪ್ಪತ್ತು ವರ್ಷದಿಂದ ನಿನ್ನ ಬಾಯಲ್ಲಿ ಕಾನಡಿ ಯಾರಾದರೂ ಕೇಳಿದ್ದಾರಾ? ಮೈದಾನದಲ್ಲಿ ಖರೆ ಹೇಳಿದೆ, ಈಗ ಮಗನಿಗಾಗಿ ಸುಳ್ಳು ಕಟ್ಟುತ್ತಿದ್ದೀಯ. ಇರಲಿ ಬಿಡು, ನಾನು ಯಾರಿಗೂ ಹೇಳುವುದಿಲ್ಲ." ಕಾಡಪ್ಪ ಅಪ್ಪಾಸಾಹೇಬರ ಹತ್ತಿರ ಓಡಿದ. ಅವರೂ ಅದನ್ನೇ, ಇನ್ನಷ್ಟು ಮರ್ಯಾದೆಯಿಂದ ಹೇಳಿದರು. ಹೋಗಿ ಬಿಸಿನೀರು ಹಾಕಿಕೊಂಡು ಮಲಗು ಅಂದರು.

ಈಗ ಹೇಳ್ರಿ, ಇಂಥ ಮನುಷ್ಯ ಎಲ್ಲಿಗೆ ಹೋಗಬೇಕು? ತನ್ನ ಕಾಯಿದೆಯ ಹಗ್ಗ ತಾನೇ ಹೊಸೆದು, ತಾನೇ ಕೊರಳಿಗೆ ಹಾಕಿಕೊಂಡಿದ್ದ. ಪೇಟೆ ಕಾಲೇಜಿನವರ ಡೇರೆಗೆ ಹೋದರೆ ಡೇರೆ ಖಾಲಿ, ಬರೀ ಒದ್ದೆ ಹುಲ್ಲು. ನದಿಯ ಕಡೆ ಓಡಿದ. ಲಕಡೀ ಪೂಲದ ಮೇಲೆ ನಿಂತು ಹೋಗಿಬರುವವರ ಮುಖ ಮುಖ ನೋಡಿದ. ಕೆಳಗೆ ನೀರು ಕೆಂಪಗೆ ಕುದಿಯುತ್ತಿತ್ತು. ಹುಡುಗ ಏನಾದರೂ ಮಾಡಿಕೊಂಡರೆ ಅನ್ನುವ ಹಾಳು ಯೋಚನೆ ಒಮ್ಮೆ ತಲೆಗೆ ಬಂತು. ಪೂಲದ ಅಂಚಿನ ಕಠಡೆ ಹಿಡಿದು ನಿಂತು, "ಶಿವನೇ, ಅಂವ ನನ್ನ ಅಪ್ಪಾ ಅನ್ನೋದ ಬ್ಯಾಡ, ಮನೀಗೆ ಬಂದರ ಸಾಕು," ಅಂತ ಬಿಕ್ಕಿದ. ದಾರಿಹೋಕರು ಕುಡಿದಿದ್ದಾನೆ ಅಂದುಕೊಂಡು ಸರಿದು ಹೋದರು.

ಮನೆ ಅಂದರೆ ಜಿಮಖಾನೆಯ ಹಿಂದಿನ ಎರಡು ಖೋಲಿ. ದೀಪ ಹಚ್ಚುವ ಹೊತ್ತಿಗೆ ಬಂದರೆ ಬಾಗಿಲಲ್ಲಿ ಸಾವಂತ್ರವ್ವ ನಿಂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು.

"ಏನ್ರಿ ಇದು? ಹೆತ್ತ ಮಗನ್ನ ಮಂದ್ಯಾಗ ಕೆಡವಿ ಬಂದ್ರ್ಯಾ? ನಿಮ್ಮ ಖರೇತನಕ್ಕ ಬೆಂಕಿ ಹಚ್ಚಲಿ!"

"ನಾ ಅಲ್ಲ ಅಂದೇನs! ಅಲ್ಲ ಅಂದೆ! ಅವರು ಆಲಾ ಅಂತ ತಿಳಕೊಂಡ್ರು!"

ಸಾವಂತ್ರವ್ವ ಸೆರಗು ಬಾಯಿಗೆ ಹಿಡಿದು ನಿಂತಳು. ಗಂಡನನ್ನು ಬಲ್ಲವಳು ಅವಳು, ಒಂದೇ ಮಾತಿಗೆ ನಂಬಿದಳು. ಇಡೀ ಪುಣೆಯಲ್ಲಿ ಅವನನ್ನು ನಂಬಿದ್ದು ಅವಳೊಬ್ಬಳೇ. "ಹಂಗಾರ ಹುಡುಗಗ ಹೇಳ್ರಿ. ಬಂದ ಕೂಡ್ಲೆ ಹೇಳ್ರಿ," ಅಂದಳು.

ಮಗನಿಗಿಂತ ಮೊದಲು ಮಂದಿ ಬಂತು. ಕಂದೀಲು, ಲೇಜಿಮು, ಪೇಢೆಯ ಪುಡಿಕೆ ಹಿಡಿದು ಐವತ್ತು ಅರವತ್ತು ಹುಡುಗರು ಖೋಲಿಯ ಮುಂದೆ ಜಮಾಯಿಸಿದರು. ಮಳೆ ಹನಿಯುತ್ತಲೇ ಇತ್ತು. ಧರ್ಮರಾಜ ಹೊರಗೆ ಬರಬೇಕು, ಒಂದು ಸಲ ಆಲಾ ಅಂತ ಕೂಗಬೇಕು, ಅದನ್ನು ಕೇಳದೆ ತಾವು ಊಟ ಮಾಡುವುದಿಲ್ಲ ಅಂತ ಹಟ. ಕಾಡಪ್ಪ ಬಾಗಿಲಿಗೆ ಬಂದು, ಹಲ್ಲು ಕಚ್ಚಿ, ಬಿಡಿಬಿಡಿಯಾಗಿ ಮರಾಠಿಯಲ್ಲೇ ಹೇಳಿದ: ನಾನು ಆಲಾ ಅನ್ನಲಿಲ್ಲ. ಗೋಲು ಆಗಿರಲಿಲ್ಲ. ನಿಮ್ಮ ಕಪ್ಪು ನಿಮ್ಮದಲ್ಲ.

ಹಿಂದಿನಿಂದ ಯಾರೋ, "ಪಾಪ, ತಂದೆ ಅಲ್ಲವೇ!" ಅಂದ. ಇನ್ನೊಬ್ಬ ಕಣ್ಣೊರೆಸಿಕೊಂಡ. ದಿಗಂಬರ ಮುಂದೆ ಬಂದು ಕೆಸರಲ್ಲೇ ಮೊಣಕಾಲೂರಿ ಅವನ ಕಾಲು ಮುಟ್ಟಿದ. ಉಳಿದವರು ಮೊದಲಿಗಿಂತ ಜೋರಾಗಿ ಜಯಕಾರ ಹಾಕಿದರು. ಎಂಥ ಮೂರ್ಖ ಮಂದಿ, ಎಂಥ ಒಳ್ಳೆಯ ಮಂದಿ! ಕಾಡಪ್ಪನಿಗೆ ಅವರನ್ನು ಹೊಡೆಯಬೇಕೋ ಅವರ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಗದ್ದಲ ತಾನಾಗಿಯೇ ಇಳಿಯಿತು, ಹುಡುಗರು ಎರಡು ಪಾಲಾಗಿ ದಾರಿ ಬಿಟ್ಟರು. ನಡುವೆ ಮಧುಕರ ಬರುತ್ತಿದ್ದ. ಮೈಮೇಲೆ ಇನ್ನೂ ಅದೇ ಕೆಸರಿನ ಅಂಗಿ. ಯಾರ ಮುಖವನ್ನೂ ನೋಡದೆ ಸೀದಾ ಒಳಗೆ ಹೋದ. ಪೇಢೆಯ ಪುಡಿಕೆಯನ್ನು ಮೆಟ್ಟಿಲ ಮೇಲಿಟ್ಟು ಮಂದಿ ಸದ್ದಿಲ್ಲದೆ ಕರಗಿತು.

ಕಾಡಪ್ಪ ಬಾಗಿಲು ಹಾಕಿ ಅಗಳಿ ಇಟ್ಟ. ಸಾವಂತ್ರವ್ವ ಒಲೆಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದಳು.

"ಅಪ್ಪಾ," ಅಂತ ಮಧುಕರ ಶುರು ಮಾಡಿದ, "ನಾ ಒಂದ ಮಾತ ಹೇಳೋದೈತಿ—"

"ಮೊದಲ ನನ್ನ ಮಾತ ಕೇಳು."

"ಇಲ್ಲರಿ ಅಪ್ಪಾ, ನನಗ ಹೇಳಾಕ ಬಿಡ್ರಿ, ಇಲ್ಲಂದ್ರ ಮತ್ತ ಧೈರ್ಯಾ—"

"ಕೇಳೋ ಅಂದ್ರ!" ಕಾಡಪ್ಪ ಕಿರುಚಿದ. ಮಗ ಬೈಯಲಿಕ್ಕೆ ಬಂದಿದ್ದಾನೆ, ಬೈದು ಮನೆ ಬಿಟ್ಟು ಹೋಗಲಿಕ್ಕೆ ಬಂದಿದ್ದಾನೆ ಅನ್ನುವುದೇ ಅವನ ತಲೆಯಲ್ಲಿ. ಒಂದೇ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ! ಆದರೆ ಆ ಮಧ್ಯಾಹ್ನದಿಂದ ಯಾರೂ ಕೇಳದ ಮಾತು ಅವನ ಎದೆಯಲ್ಲಿ ಒಡ್ಡು ಕಟ್ಟಿತ್ತು. "ನಾ ನಿನ್ನ ಕೆಡವಲಿಲ್ಲೋ ತಮ್ಮಾ. ಅಂವ ಗೋಲ್ ಏನಂತ ಕೇಳಿದ. ನಾ ಅಲ್ಲ ಅಂದೆ. ಕನ್ನಡದಾಗ ಅಂದೆ. ನಿನ್ನ ಮಾರಿ ನೋಡಿದ ಕೂಡ್ಲೆ ಬಾಯಾಗ ಅದs ಬಂತು. ಅವರು ಆಲಾ ಅಂತ ತಿಳಕೊಂಡ್ರು. ನಾ ನಿನ್ನ ಕಡೀನs ಇದ್ದೆ. ನಿನ್ನ ಕಡೀನs!"

ಮಧುಕರ ಅವ್ವನ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ನೀವು ಹೊರಗ ಕನ್ನಡ ಮಾತಾಡಂಗಿಲ್ಲಲ್ರಿ," ಅಂದ ಮಗ. ಅವನ ದನಿ ಸಣ್ಣಗಿತ್ತು. "ಸುಳ್ಳ ಹೇಳಬ್ಯಾಡ್ರಿ ಅಪ್ಪಾ, ನನ್ನ ಸಲುವಾಗಿ."

ಅದೂ ಆಯಿತು. ಇವನೂ ಅವರ ಪೈಕಿಯೇ ಆದ. ಕಾಡಪ್ಪ ಅಂಗಿಯ ಗುಂಡಿ ಕಿತ್ತುಹೋಗುವ ಹಾಗೆ ಎಳೆದು, ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದ. "ಈ ಲಿಂಗದಾಣೆ. ನಾ ಅಲ್ಲ ಅಂದೆ. ಇದು ಸುಳ್ಳಾದರ ನಾ ನಾಳೆ ಬೆಳಗ ಕಾಣಬಾರದು."

ಲಿಂಗ ಮುಟ್ಟಿ ಅವನು ಎಂದೂ ಆಣೆ ಇಟ್ಟವನಲ್ಲ. ಮಧುಕರ ಆ ಮುಷ್ಟಿಯನ್ನು ನೋಡಿದ.

"ಖರೇನs?"

"ಖರೇನs."

ನಂಬಿದ. ಮಗ ನಂಬಿದ್ದು ಕಾಡಪ್ಪನಿಗೆ ಅವನ ಕಣ್ಣಲ್ಲೇ ಕಂಡಿತು, ಎದೆಯ ಮೇಲಿನ ಬಂಡೆ ಉರುಳಿಹೋದಂತಾಯಿತು. ಎಷ್ಟು ಹಗುರಾದನೆಂದರೆ ನಗುವೇ ಬಂತು. ಹೆಂಡತಿಗೆ ಹುಡುಗನ ಕೈಕಾಲಿಗೆ ಬಿಸಿನೀರು ಕೊಡು ಅಂದ, ಗಂಗಾಳ ಹಚ್ಚು ಅಂದ. ಮಗ ಎದ್ದು ಹೋಗಲಿಲ್ಲ, ಬೈಯಲಿಲ್ಲ. ಇದ್ದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ.

"ಬಾಲ್ ಒಳಗ ಬಂದಿತ್ತರಿ," ಅಂದ.

ಸಾವಂತ್ರವ್ವನ ಕೈಯ ಚೆಂಬು ನಿಂತಿತು.

"ಒಂದ ಗೇಣ ಒಳಗಿತ್ತು. ನಾನs ಮೊಣಕೈಲೆ ಹೊರಗ ಎಳಕೊಂಡೆ. ಯಾರಿಗೂ ಕಂಡಿರಲಿಲ್ಲ. ನಿಮಗ ಕಂಡಿರತೈತಿ ಅಂತ ನಿಮ್ಮ ಕಡೆ ನೋಡಿದೆ. ನೀವು ಆಲಾ ಅಂದ್ರಿ." ಅವನು ಕೆಸರು ಮೆತ್ತಿದ ಅಂಗೈ ಮಗುಚಿ ನೋಡಿಕೊಂಡ. "ಅಂದ್ರಿ ಅಂತ ತಿಳಕೊಂಡೆ."

ತಾನು ಗೆರೆಯ ಕಡೆ ನೋಡಿರಲೇ ಇಲ್ಲ ಅನ್ನುವುದು ಆಗ ಕಾಡಪ್ಪನಿಗೆ ನೆನಪಾಯಿತು.

"ನಮ್ಮ ಹುಡುಗ್ರು ಕಾಲೇಜಿಗೆ ಹೋದ ಮ್ಯಾಲ ನಿಮ್ಮನ್ನ ಬೈಯಾಕ ಹತ್ತಿದ್ರು. ಆ ಮಾಳಿ ತನ್ನ ಕಾಲೇಜಿನ ಸಲುವಾಗಿ ಸುಳ್ಳ ಹೇಳ್ಯಾನ, ಅವನ ಹಲ್ಲ ಮುರೀಬೇಕು ಅಂತ. ನನಗ ತಡೀಲಿಲ್ಲ. ಎದ್ದು ನಿಂತೆ. ಅಂವ ನಮ್ಮಪ್ಪ ಅಂದೆ. ಎಲ್ಲಾರ ಮುಂದ ಅಂದೆ. ಬಾಲ್ ಒಳಗಿತ್ತು, ಎಳಕೊಂಡಾಂವ ನಾನು, ನಮ್ಮಪ್ಪ ಮಗನ ಸಲುವಾಗಿ ಸುದ್ದಾ ಸುಳ್ಳ ಹೇಳಾಂವ ಅಲ್ಲ ಅಂದೆ. ಟೀಮಿನಿಂದ ತಗದ್ರು. ತಗೀಲಿ ಬಿಡು ಅನ್ನಿಸ್ತು. ಅದನ್ನs ಹೇಳಾಕ ಬಂದಿದ್ದೆ. ನಿಮ್ಮ ಕಾಲಿಗೆ ಬೀಳಬೇಕಂತ ಬಂದಿದ್ದೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಯಾರೂ ಇಳಿಸಲಿಲ್ಲ.

"ನಾ ನಿಮ್ಮನ್ನ ನೋಡಿ ಖರೆ ಹೇಳಿದ್ನಲ್ರಿ, ಅಪ್ಪಾ," ಅಂದ ಮಧುಕರ. ಸಿಟ್ಟಿನಿಂದ ಅಲ್ಲ, ಕೇಳುವವರ ಹಾಗೆ ಅಂದ.

ಕಾಡಪ್ಪನ ಮುಷ್ಟಿಯೊಳಗೆ ಲಿಂಗ ಇನ್ನೂ ಹಾಗೇ ಇತ್ತು.